‘ನಮಗೇನಿಲ್ಲಪ್ಪಾ, ಅಕ್ಕಪಕ್ಕದೋರು ಒಪ್ಪಲ್ಲ’: ಕೋಲಾರದಲ್ಲಿ ಕುಳಿತು ಪೂರ್ವಗ್ರಹದ ವಿಜ್ಞಾನ ಓದಿದಾಗ

2025ರ ಮೇ 5ರಂದು ರಾಜ್ಯದಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ಮನೆಮನೆ ಸಮೀಕ್ಷೆ ಶುರುವಾಯಿತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಅವರ ಏಕಸದಸ್ಯ ಆಯೋಗ 101 ಜಾತಿಗಳ ಲೆಕ್ಕ ತೆಗೆಯಬೇಕಿತ್ತು. ಹಳ್ಳಿಗಳಲ್ಲಿ ಯಾರ ಜಾತಿಯೂ ಯಾರಿಗೂ ಗುಟ್ಟಲ್ಲ. ತೊಡಕಾದದ್ದು ನಗರಗಳಲ್ಲಿ, ಅದರಲ್ಲೂ ಬಾಡಿಗೆ ಮನೆಗಳ ಬಾಗಿಲಲ್ಲಿ. ಕೆಳಗೆ ಮಾಲೀಕರ ಮನೆ, ಮೇಲೆ ಬಾಡಿಗೆಯವರದ್ದು. ಮೆಟ್ಟಿಲ ಮೇಲೆ ನಿಂತು ಗಣತಿದಾರರು ಜಾತಿ ಕೇಳಿದರೆ ಏನನ್ನುವುದು? ಹೇಳಿದರೆ ಮನೆ ಹೋದೀತು, ಹೇಳದಿದ್ದರೆ ಲೆಕ್ಕದಿಂದಲೇ ಬಿಟ್ಟುಹೋದೀತು. ಶಿಬಿರಕ್ಕೆ ಬಂದು ಬರೆಸಲು, ಆನ್‌ಲೈನಿನಲ್ಲಿ ತಾವೇ ಘೋಷಿಸಿಕೊಳ್ಳಲು ಆಯೋಗ ಅವಕಾಶ ಕೊಟ್ಟಿದ್ದರಿಂದ ಒಂದಷ್ಟು ಮಂದಿ ಪಾರಾದರು.

ಸವಲತ್ತು ಹಂಚಲು ಸರ್ಕಾರವೇ ಬಾಗಿಲಿಗೆ ಬಂದು ನಿಂತಾಗಲೂ ಜನ ಜಾತಿ ಮುಚ್ಚಿಡುತ್ತಾರೆಂದರೆ, ಅವರ ಹೆದರಿಕೆ ಹೊಡೆತ ಬಡಿತದ್ದಲ್ಲ. ಮುಂದಿನ ತಿಂಗಳು ಮಾಲೀಕರು ನಗುನಗುತ್ತಲೇ ಹೇಳಬಹುದಾದ ಒಂದು ಮಾತಿನದು: ‘ಮಗನ ಮದುವೆ ಇಟ್ಕೊಂಡಿದೀವಿ, ಮನೆ ಖಾಲಿ ಮಾಡ್ಕೊಡಿ’.

2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ 30ಕ್ಕೂ ಹೆಚ್ಚು. ಈ ಪ್ರಮಾಣ ರಾಜ್ಯದ ಬೇರೆ ಯಾವ ಜಿಲ್ಲೆಯಲ್ಲೂ ಇಲ್ಲ. ದಲಿತ ಚಳವಳಿ ಬೇರುಬಿಟ್ಟ ನೆಲ ಇದು. ಆದರೂ ಕೋಲಾರ ಪಟ್ಟಣದಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ನೋಡಿ ಗೇಟು ತಟ್ಟಿದವರಿಗೆ ಎದುರಾಗುವ ಪ್ರಶ್ನೆಗಳು ಒಂದೇ ಸಾಲಿನಲ್ಲಿ ಬರುತ್ತವೆ. ನಮ್ಮ ಕಡೆ ಹೆಸರಿನಿಂದ ಜಾತಿ ಹಿಡಿಯುವುದು ಕಷ್ಟ. ಮುನಿಯಪ್ಪ, ವೆಂಕಟೇಶಪ್ಪ, ನಾರಾಯಣಸ್ವಾಮಿ, ಲಕ್ಷ್ಮಮ್ಮ ಎಲ್ಲ ಜಾತಿಯಲ್ಲೂ ಇದ್ದಾರೆ. ಹಾಗಾಗಿ ವಿಚಾರಣೆ ಸುತ್ತು ಬಳಸಿ ಸಾಗುತ್ತದೆ. ‘ಯಾವ ಊರಪ್ಪಾ ನಿಮ್ದು?’ ಊರು ಹೇಳಿದರೆ, ‘ಊರೊಳಗಾ, ಕಾಲೋನಿ ಕಡೆನಾ?’ ಅದನ್ನೂ ದಾಟಿದರೆ, ‘ಮನೆದೇವ್ರು ಯಾವುದು?’ ಕೊನೆಗೆ, ‘ಮನೇಲಿ ನಾನ್‌ವೆಜ್ ಮಾಡ್ತೀರಾ?’ ಈ ಕೊನೆಯ ಪ್ರಶ್ನೆ ಕೇಳುವವರಲ್ಲಿ ಎಷ್ಟೋ ಮಂದಿ ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಮುಂದೆ ಸಾಲಿನಲ್ಲಿ ನಿಲ್ಲುವವರೇ. ಬಾಡೂಟವಿಲ್ಲದೆ ಹಬ್ಬವೇ ಮುಗಿಯದ ಸೀಮೆಯಲ್ಲಿ ಈ ಪ್ರಶ್ನೆಗೆ ಮಾಂಸದ ಜೊತೆ ಸಂಬಂಧ ಕಡಿಮೆ.

ಪ್ರಶ್ನೆಗಳೆಲ್ಲ ಮುಗಿದ ಮೇಲೆ ಬರುವ ಮಾತೇ ಈ ಬರಹಕ್ಕೆ ಕಾರಣ. ‘ನಮಗೇನಿಲ್ಲಪ್ಪಾ, ನಾವು ಅದೆಲ್ಲ ನೋಡೋರಲ್ಲ. ಅಕ್ಕಪಕ್ಕದೋರು ಒಪ್ಪಲ್ಲ.’ ಇದನ್ನು ಶುದ್ಧ ಸುಳ್ಳೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಪೂರ್ವಗ್ರಹದ ಬಗ್ಗೆ ಮನೋವಿಜ್ಞಾನ ನೂರು ವರ್ಷಗಳಿಂದ ಹುಡುಕಿಕೊಂಡು ಬಂದಿರುವುದರ ಅರ್ಧ ಈ ಮಾತಿನಲ್ಲೇ ಇದೆ.

ಬಾಯಿ ಒಂದು, ಕೈ ಒಂದು

ಅಮೆರಿಕದ ಸಮಾಜವಿಜ್ಞಾನಿ ರಿಚರ್ಡ್ ಲಾಪಿಯರ್ 1930ರ ದಶಕದ ಆರಂಭದಲ್ಲಿ ಚೀನಾ ಮೂಲದ ಯುವ ದಂಪತಿಯ ಜೊತೆ ಕಾರಿನಲ್ಲಿ ಅಮೆರಿಕ ಸುತ್ತಿದರು. ಆಗ ಅಲ್ಲಿ ಚೀನೀಯರ ಮೇಲಿನ ದ್ವೇಷ ಬಹಿರಂಗವಾಗಿಯೇ ಇತ್ತು. ವಸತಿಗೃಹ, ಹೋಟೆಲು ಸೇರಿ 251 ಕಡೆ ಹೋದರು, ‘ಆಗಲ್ಲ’ ಎಂಬ ಉತ್ತರ ಬಂದದ್ದು ಒಂದೇ ಒಂದು ಕಡೆ. ಕೆಲವು ತಿಂಗಳ ನಂತರ ಅದೇ ಜಾಗಗಳಿಗೆ ಪತ್ರ ಬರೆದು ‘ಚೀನೀಯರಿಗೆ ಜಾಗ ಕೊಡುತ್ತೀರಾ’ ಎಂದು ಕೇಳಿದರೆ, ಉತ್ತರಿಸಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಇಲ್ಲವೆಂದರು. 1934ರಲ್ಲಿ ಪ್ರಕಟವಾದ ಈ ಅಧ್ಯಯನದ ವಿಧಾನದಲ್ಲಿ ಲೋಪಗಳಿದ್ದವು. ಪತ್ರಕ್ಕೆ ಉತ್ತರಿಸಿದವರೂ ಅಂದು ಬಾಗಿಲು ತೆರೆದವರೂ ಒಬ್ಬರೇ ಆಗಿರಬೇಕಿಲ್ಲ, ಜೊತೆಗೊಬ್ಬ ಬಿಳಿಯ ಪ್ರಾಧ್ಯಾಪಕ ನಿಂತಿದ್ದದ್ದೂ ಕೆಲಸ ಮಾಡಿರಬಹುದು. ಆದರೂ ಮನಸ್ಸಿನಲ್ಲಿರುವುದಕ್ಕೂ ಕೈ ಮಾಡುವುದಕ್ಕೂ ನಡುವೆ ಇಷ್ಟು ದೊಡ್ಡ ಕಂದಕವಿದೆ ಎಂದು ಅಂಕಿಗಳಲ್ಲಿ ತೋರಿಸಿದವರಲ್ಲಿ ಅವರು ಮೊದಲಿಗರು.

ಅವರು ಕಂಡದ್ದು ಬಾಯಲ್ಲಿ ‘ಇಲ್ಲ’, ಕೈಯಲ್ಲಿ ‘ಹೌದು’. ನಮ್ಮಲ್ಲಿ ಇದು ತಿರುವುಮುರುವಾಗಿದೆ. ವೇದಿಕೆ ಮೇಲೆ, ಸಮೀಕ್ಷೆಯಲ್ಲಿ, ಟೀ ಅಂಗಡಿಯಲ್ಲಿ ಎಲ್ಲರೂ ‘ನಾವು ಜಾತಿ ನೋಡಲ್ಲ’. ನೋಡುತ್ತಾರೋ ಇಲ್ಲವೋ ತಿಳಿಯಲು ಕೈಯನ್ನೇ ಗಮನಿಸಬೇಕು. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಮತ್ತು ಸುತ್ತಲಿನ ನಗರಗಳಲ್ಲಿ ಇದನ್ನೇ ಮಾಡಿದರು. ಮೇಲ್ಜಾತಿ, ದಲಿತ, ಮುಸ್ಲಿಂ ಎಂದು ಗುರುತಾಗುವ ಹೆಸರುಗಳಲ್ಲಿ ಬಾಡಿಗೆ ಮನೆ ಕೇಳಿದರು, ಉಳಿದೆಲ್ಲ ವಿವರ ಒಂದೇ. 2015ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ದಲಿತರಲ್ಲಿ ಶೇ 18 ಮಂದಿಗೆ, ಮುಸ್ಲಿಮರಲ್ಲಿ ಶೇ 31 ಮಂದಿಗೆ ನೇರವಾಗಿ ಮನೆ ಇಲ್ಲ. ಇದರ ಮೇಲೆ ದಲಿತರಲ್ಲಿ ಶೇ 23, ಮುಸ್ಲಿಮರಲ್ಲಿ ಶೇ 35 ಮಂದಿಗೆ ಮನೆ ಉಂಟು, ಆದರೆ ಷರತ್ತು ಬೇರೆ. ಮೇಲ್ಜಾತಿ ಹೆಸರಿನವರಿಗೆ ಈ ತಾಪತ್ರಯವೇ ಇರಲಿಲ್ಲ.

ಕಾನೂನು ಎಲ್ಲಿದೆ ಎಂದು ಕೇಳಬಹುದು. ಬಾಡಿಗೆ ನಿರಾಕರಣೆಗೆ ಕಾಗದ ಪತ್ರದ ಸಾಕ್ಷಿ ಇರುವುದಿಲ್ಲ. ‘ಈಗ ತಾನೇ ಇನ್ನೊಬ್ಬರು ಅಡ್ವಾನ್ಸ್ ಕೊಟ್ಟು ಹೋದರು’ ಎಂದರೆ ಮುಗಿಯಿತು, ಬೋರ್ಡು ಮಾರನೇ ದಿನವೂ ಅಲ್ಲೇ ನೇತಾಡುತ್ತಿರುತ್ತದೆ.

ಎರಡು ಗುಂಪು ಸಾಕು

ಪೂರ್ವಗ್ರಹ ಎಂದರೆ ತಿಳಿವಳಿಕೆ ಇಲ್ಲದವರ, ಒರಟರ ಕಾಯಿಲೆ ಎಂದು ನಂಬಿಕೊಳ್ಳುವುದು ಹಿತವಾಗಿರುತ್ತದೆ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಜ್ಫೆಲ್ 1970ರ ಸುಮಾರಿಗೆ ಮಾಡಿದ ಪ್ರಯೋಗ ಈ ಹಿತವನ್ನು ಕೆಡಿಸುತ್ತದೆ. ಶಾಲಾ ಹುಡುಗರನ್ನು ತೀರಾ ಕ್ಷುಲ್ಲಕ ನೆಪದಲ್ಲಿ ಎರಡು ಗುಂಪು ಮಾಡಿದರು. ನಿನಗೆ ಕ್ಲೇ ಎಂಬ ಚಿತ್ರಕಾರ ಇಷ್ಟ, ಅವನಿಗೆ ಕ್ಯಾಂಡಿನ್‌ಸ್ಕಿ ಇಷ್ಟ, ಅಷ್ಟೇ. ಗುಂಪಿನಲ್ಲಿ ಬೇರೆ ಯಾರಿದ್ದಾರೆಂಬುದೂ ಅವರಿಗೆ ಗೊತ್ತಿಲ್ಲ, ಹಳೆಯ ಜಗಳವಿಲ್ಲ, ಜಮೀನಿನ ತಕರಾರಿಲ್ಲ. ಆಮೇಲೆ ದುಡ್ಡು ಹಂಚಲು ಬಿಟ್ಟರೆ ಹುಡುಗರು ತಮ್ಮ ಗುಂಪಿನವರ ಕಡೆಗೆ ವಾಲಿದರು. ವಿಚಿತ್ರವೆಂದರೆ, ಇಬ್ಬರಿಗೂ ಹೆಚ್ಚು ಸಿಗುವ ಆಯ್ಕೆ ಇದ್ದಾಗಲೂ ಹಲವರು ತಮ್ಮವರಿಗೆ ಕಡಿಮೆಯಾದರೂ ಸರಿ, ಆ ಗುಂಪಿಗಿಂತ ಹೆಚ್ಚಿರಲಿ ಎಂಬ ಆಯ್ಕೆಯ ಕಡೆಗೆ ಹೋದರು. ಒಂದೇ ಬದುವಿನ ಎರಡು ಪಕ್ಕದಲ್ಲಿ ಉಳುವ ಅಣ್ಣತಮ್ಮಂದಿರನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಚಿತ್ರಕಾರನ ಹೆಸರಿನಲ್ಲೇ ಇಷ್ಟಾದರೆ, ಹುಟ್ಟಿದ ಮನೆ, ಮದುವೆ, ಊಟ, ಸ್ಮಶಾನದವರೆಗೂ ಗೆರೆ ಎಳೆದಿಟ್ಟಿರುವ ಕಡೆ ಎಷ್ಟಾಗಬೇಡ?

ಗುಂಪಿನ ಗೆರೆ ಬಿದ್ದ ಮೇಲೆ ನೆನಪೇ ಮೋಸ ಮಾಡುತ್ತದೆ. ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ 1976ರಲ್ಲಿ ಜನರಿಗೆ ಎರಡು ಗುಂಪಿನವರ ನಡವಳಿಕೆಯ ಸಾಲುಗಳನ್ನು ಓದಿಸಿದರು. ಒಂದು ದೊಡ್ಡ ಗುಂಪು, ಒಂದು ಸಣ್ಣದು. ಒಳ್ಳೆಯದು ಕೆಟ್ಟದ್ದರ ಪ್ರಮಾಣ ಎರಡರಲ್ಲೂ ಒಂದೇ: ದೊಡ್ಡದರಲ್ಲಿ 18 ಒಳ್ಳೆಯವು 8 ಕೆಟ್ಟವು, ಸಣ್ಣದರಲ್ಲಿ 9ಕ್ಕೆ 4. ಓದಿ ಮುಗಿಸಿದವರನ್ನು ಕೇಳಿದರೆ, ಕೆಟ್ಟ ಕೆಲಸಗಳನ್ನು ಸಣ್ಣ ಗುಂಪಿನ ತಲೆಗೇ ಹೆಚ್ಚಾಗಿ ಕಟ್ಟಿದರು. ಅಪರೂಪದ ಜನ, ಅಪರೂಪದ ಘಟನೆ, ಎರಡೂ ಒಟ್ಟಿಗೆ ಬಂದರೆ ತಲೆಯಲ್ಲಿ ಅಚ್ಚೊತ್ತಿ ನಿಲ್ಲುತ್ತವೆ.

ನರಸಾಪುರ, ವೇಮಗಲ್ ಕಡೆ ಈಗ ಕೇಳಿಬರುತ್ತಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಾರ್ಖಾನೆಗಳು ಬಂದ ಮೇಲೆ ಹೆದ್ದಾರಿ ಬದಿಯ ಹಳ್ಳಿಗಳಲ್ಲಿ ಶೀಟಿನ ರೂಮುಗಳು, ಪೀಜಿಗಳು ಎದ್ದಿವೆ. ಒಡಿಶಾ, ಜಾರ್ಖಂಡ್, ಬಿಹಾರದ ಹುಡುಗರು ಬಂದಿದ್ದಾರೆ. ಊರಿನವರಿಗೆ ಎಲ್ಲರೂ ಸೇರಿ ‘ಹಿಂದಿಯೋರು’. ಒಡಿಯಾ ಮಾತಾಡುವವನೂ ಹಿಂದಿಯೋನೇ, ಸಂತಾಲಿ ಮಾತಾಡುವವನೂ ಹಿಂದಿಯೋನೇ. ಊರ ಹುಡುಗರು ಜಾತ್ರೆಯಲ್ಲಿ ಕುಡಿದು ಕಿತ್ತಾಡಿದರೆ ಮರುದಿನಕ್ಕೆ ಮರೆತುಹೋಗುತ್ತದೆ. ಅದೇ ರಾತ್ರಿ ಪಾಳಿ ಮುಗಿಸಿ ಬಂದ ಇಬ್ಬರು ಹೊರಗಿನ ಹುಡುಗರು ಜೋರು ಮಾತಾಡಿದರೆ ‘ಈ ಹಿಂದಿಯೋರು ಬಂದ್ಮೇಲೆ ಊರು ಕೆಡ್ತು’. ಬಾಡಿಗೆ ಮಾತ್ರ ತಲೆಗೆ ಇಷ್ಟು ಎಂದು ಲೆಕ್ಕ ಹಾಕಿ ಅವರಿಂದಲೇ ಹೆಚ್ಚು ವಸೂಲಾಗುತ್ತದೆ.

ಕೋಲಾರದವರು ಇದರಲ್ಲಿ ಎರಡೂ ಬದಿ ಕಂಡವರು. ಬೆಂಗಳೂರಿಗೆ ಹೋದರೆ ನಮ್ಮ ಮಾತು ಕೇಳಿ ‘ತೆಲುಗಿನೋರಾ?’ ಎನ್ನುತ್ತಾರೆ. ಕೆಜಿಎಫ್ ಎಂದರೆ ಸಾಕು, ಸಿನಿಮಾ ಬರುವುದಕ್ಕೂ ಎಷ್ಟೋ ಮೊದಲಿನಿಂದ ‘ರೌಡಿಗಳ ಊರು’ ಎಂಬ ನಗೆ. ರಾತ್ರಿ ಕತ್ತಲಲ್ಲಿ ಎದ್ದು ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಊರಿನ ಮೇಲೆ ಈ ಮಾತು.

ತಪ್ಪಿನ ಕಾರಣ ಹುಡುಕುವಾಗ ಇನ್ನೊಂದು ವಕ್ರತೆ ಸೇರುತ್ತದೆ. ತಾಮಸ್ ಪೆಟಿಗ್ರೂ 1979ರಲ್ಲಿ ಇದನ್ನು ವಿವರಿಸಿದರು: ನಮ್ಮವರು ಎಡವಿದರೆ ಸಂದರ್ಭ ಕಾರಣ, ಅವರು ಎಡವಿದರೆ ಹುಟ್ಟುಗುಣ ಕಾರಣ. ಅವರು ಏನಾದರೂ ಒಳ್ಳೆಯದು ಮಾಡಿದರೆ ಅದಕ್ಕೂ ಉತ್ತರ ಸಿದ್ಧವಿರುತ್ತದೆ, ‘ಅವನೊಬ್ಬ ಬಿಡಿ, ಅವರ ಥರ ಅಲ್ಲ’. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಭೆಯಾದಾಗ ಟೀವಿಯಲ್ಲಿ ಒಡೆದ ಗಾಜು, ಉರುಳಿಬಿದ್ದ ವಾಹನಗಳದ್ದೇ ದೃಶ್ಯ. ಮೊದಲೆರಡು ದಿನದ ಚರ್ಚೆ ಪೂರ್ತಿ ‘ಎಂಥಾ ಹುಡುಗರಿವರು’ ಎಂಬುದರ ಮೇಲೇ ನಡೆಯಿತು. ಒಂದು ವಾರದಲ್ಲಿ ಕಂಪನಿಯೇ, ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲದಲ್ಲಿ ಸಂಬಳ ಹೋಗಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಗಲಾಟೆ ಸರಿ ಎಂದು ಇದರ ಅರ್ಥವಲ್ಲ. ಸಂಬಳದ ಚೀಟಿ ನೋಡುವ ಮೊದಲೇ ಸ್ವಭಾವದ ತೀರ್ಪು ಬಂದಿತ್ತು.

‘ಎಸ್‌ಸಿ ಮಕ್ಕಳು ನಿಂತ್ಕೊಳ್ಳಿ’

ಇಲ್ಲಿಯವರೆಗೆ ಹೇಳಿದ್ದು ನೋಡುವವರ ತಲೆಯೊಳಗಿನ ಮಾತು. ನೋಡಿಸಿಕೊಳ್ಳುವವರಿಗೆ ಏನಾಗುತ್ತದೆ ಎಂಬುದರ ಬಗ್ಗೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗ ಜಗತ್ತಿನಲ್ಲೆಲ್ಲ ಚರ್ಚೆಯಾಗಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಬಿಡಿಸಿದ ಒಂದೊಂದಕ್ಕೂ 1 ರೂಪಾಯಿ. ಜಾತಿ ಎತ್ತದೆ ಆಡಿಸಿದಾಗ ಮೇಲ್ಜಾತಿ, ಕೆಳಜಾತಿ ಎಂಬ ಅಂತರವೇ ಕಾಣಲಿಲ್ಲ. ಇನ್ನೊಂದು ಸುತ್ತಿನಲ್ಲಿ ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಓದಿದರು. ಅಷ್ಟಕ್ಕೇ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಸುಮಾರು ಐದನೇ ಒಂದರಷ್ಟು ಇಳಿದುಹೋಯಿತು. ಅದೇ ಮಕ್ಕಳು, ಅದೇ ಬುದ್ಧಿ, ಅದೇ ಪೆನ್ಸಿಲು.

ಈ ಬಗೆಯ ಫಲಿತಾಂಶಗಳನ್ನು ಎಚ್ಚರದಿಂದ ಓದಬೇಕು. ಒಂದು ಗುಂಪಿನ ಬಗ್ಗೆ ಇರುವ ಕೀಳು ಅಭಿಪ್ರಾಯವನ್ನು ನೆನಪಿಸಿದರೆ ಪರೀಕ್ಷೆಯ ಅಂಕ ಕುಸಿಯುತ್ತದೆ ಎಂದು ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ 1995ರಲ್ಲಿ ತೋರಿಸಿದ್ದು ಪಠ್ಯಪುಸ್ತಕ ಸೇರಿತ್ತು. ಆಮೇಲೆ ಅದೇ ಜಾಡಿನಲ್ಲಿ ನೆದರ್ಲೆಂಡ್ಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ, ಹುಡುಗಿಯರು ಮತ್ತು ಗಣಿತದ ವಿಷಯದಲ್ಲಿ, ನಡೆಸಿದ ಪರೀಕ್ಷೆಯಲ್ಲಿ ಅಂಥ ಪರಿಣಾಮ ಸಿಗಲಿಲ್ಲ. ಹಾಫ್ ಮತ್ತು ಪಾಂಡೆ ಅವರ ವಿವರಣೆ ಕೊಂಚ ಬೇರೆ: ಜಾತಿ ಬಯಲಾದ ಕೂಡಲೇ ‘ಇನ್ನು ನಮಗೆ ನ್ಯಾಯ ಸಿಗಲ್ಲ’ ಎಂಬ ನಿರೀಕ್ಷೆ ಮೂಡಿ ಪ್ರಯತ್ನ ಸಡಿಲವಾಗುತ್ತದೆ. ಅಪ್ಪ ಅಮ್ಮ ಪಂಚಾಯಿತಿಯಲ್ಲಿ, ಅಂಗಡಿಯಲ್ಲಿ ಏನು ಅನುಭವಿಸಿದ್ದಾರೆ ಎಂದು ಕಂಡಿರುವ ಮಗುವಿನ ಮಟ್ಟಿಗೆ ಆ ನಿರೀಕ್ಷೆ ತಪ್ಪೂ ಅಲ್ಲ.

ನಮ್ಮ ಶಾಲೆಗಳಲ್ಲಿ ಓದಿದವರಿಗೆಲ್ಲ ಆ ಎರಡನೇ ಸುತ್ತು ಪರಿಚಿತ. ಸ್ಕಾಲರ್‌ಶಿಪ್ ಅರ್ಜಿ ಬಂದ ದಿನ ತರಗತಿಯ ಬಾಗಿಲಲ್ಲಿ ನಿಂತು ‘ಎಸ್‌ಸಿ ಮಕ್ಕಳು ನಿಂತ್ಕೊಳ್ಳಿ, ಲೆಕ್ಕ ಬೇಕು’ ಎನ್ನುವುದು. ಮೇಷ್ಟರಿಗೆ ಅದರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ತಾಲ್ಲೂಕು ಕಚೇರಿಗೆ ಸಂಜೆಯೊಳಗೆ ಪಟ್ಟಿ ಹೋಗಬೇಕಾಗಿರುತ್ತದೆ. ಅರ್ಜಿ ಆನ್‌ಲೈನ್ ಆಗಿದೆ, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ಸಾಕು. ಆದರೂ ನಿಲ್ಲಿಸುವುದು ಎಲ್ಲ ಕಡೆ ನಿಂತಿಲ್ಲ.

ರೀಮಾ ಹನ್ನಾ ಮತ್ತು ಲೀ ಲಿಂಡನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಇರಿಸುಮುರಿಸು ತರುತ್ತದೆ. ಭಾರತದ ಒಂದು ನಗರದಲ್ಲಿ ಮಕ್ಕಳಿಗೆ ಪರೀಕ್ಷೆ ಮಾಡಿ, ಉತ್ತರಪತ್ರಿಕೆಯ ಮೇಲೆ ವಯಸ್ಸು, ಜಾತಿ, ಹುಡುಗ ಹುಡುಗಿ ಎಂಬ ವಿವರಗಳನ್ನು ಚೀಟಿ ಎತ್ತಿದ ಹಾಗೆ ಅದಲು ಬದಲು ಬರೆದು ಶಿಕ್ಷಕರಿಗೆ ತಿದ್ದಲು ಕೊಟ್ಟರು. ಕೆಳಜಾತಿ ಎಂದು ಬರೆದ ಪತ್ರಿಕೆಗಳಿಗೆ ಸ್ವಲ್ಪ, ಆದರೆ ಖಚಿತವಾಗಿ, ಕಡಿಮೆ ಅಂಕ ಬಿತ್ತು. ಹೀಗೆ ಕಡಿಮೆ ಕೊಟ್ಟವರಲ್ಲಿ ಮುಖ್ಯವಾಗಿ ಇದ್ದವರು ಕೆಳಜಾತಿಯ ಶಿಕ್ಷಕರೇ. ಪೂರ್ವಗ್ರಹವೆಂದರೆ ಆ ಗುಂಪಿನವರಿಗೆ ಈ ಗುಂಪಿನ ಮೇಲಿನ ಸಿಟ್ಟು ಎಂಬ ಸರಳ ಲೆಕ್ಕ ಇಲ್ಲಿ ತಪ್ಪುತ್ತದೆ. ಊರಲ್ಲೆಲ್ಲ ಹರಿಯುವ ಅಭಿಪ್ರಾಯ ಅದಕ್ಕೆ ಗುರಿಯಾದವರ ಒಳಗೂ ಹರಿದಿರುತ್ತದೆ. ಪೆಟ್ರೀಷಿಯಾ ಡಿವೈನ್ 1989ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ್ದು: ಒಂದು ಸಮಾಜದ ಸಿದ್ಧ ಚಿತ್ರಗಳು ಆ ಸಮಾಜದ ಎಲ್ಲರ ತಲೆಯಲ್ಲೂ ತಾವಾಗಿ ಏಳುತ್ತವೆ. ವ್ಯತ್ಯಾಸವಿರುವುದು ಎದ್ದ ಮೇಲೆ ಅವನ್ನು ತಡೆದು ನಿಲ್ಲಿಸಿ ನೋಡುವವರಲ್ಲಿ.

2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳಿಂದ ಶೌಚಗುಂಡಿ ಸ್ವಚ್ಛ ಮಾಡಿಸಿದ ಪ್ರಕರಣ ರಾಜ್ಯವಿಡೀ ಸುದ್ದಿಯಾಯಿತು. ಗುಂಡಿಗಿಳಿಯಲು ಯಾರನ್ನು ಕರೆಯಬೇಕು ಎಂಬ ಯೋಚನೆ ಬಂದ ಆ ಕ್ಷಣದಲ್ಲಿ ಯಾರ ಮುಖ ಮೊದಲು ಹೊಳೆಯಿತು, ಯಾಕೆ ಹೊಳೆಯಿತು? ಡಿವೈನ್ ಅವರ ಪ್ರಯೋಗಾಲಯದ ಪ್ರಶ್ನೆ ಇಲ್ಲಿ ಕ್ರಿಮಿನಲ್ ಮೊಕದ್ದಮೆಯಾಯಿತು.

ಬೆರೆತರೆ ಸಾಕೇ?

‘ಜೊತೆಗೆ ಬೆರೆತರೆ ಎಲ್ಲ ಸರಿಹೋಗುತ್ತೆ’ ಎನ್ನುವವರು ಕೆಜಿಎಫ್ ಚರಿತ್ರೆ ನೋಡಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಹಿಡಿದಾಗಿನಿಂದ 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ ಅಲ್ಲಿ ಬೆರೆಯದ ಜನವಿಲ್ಲ. ಬ್ರಿಟಿಷರು, ಆಂಗ್ಲೋ ಇಂಡಿಯನ್ನರು, ಕಾವಲಿಗೆ ಪಂಜಾಬಿಗಳು, ಸುರಂಗದೊಳಗೆ ಬಹುಪಾಲು ಉತ್ತರ ಆರ್ಕಾಟ್ ಕಡೆಯಿಂದ ಬಂದ ತಮಿಳು ದಲಿತರು, ಸುತ್ತಲಿನ ತೆಲುಗು, ಕನ್ನಡದವರು. ಒಂದೇ ಗಣಿ, ಒಂದೇ ಸೈರನ್ನು. ಆದರೆ ಬಂಗಲೆಯ ಸಾಲು ಬೇರೆ, ಕಾರ್ಮಿಕರ ಲೈನುಗಳು ಬೇರೆ, ಕ್ಲಬ್ಬು ಬೇರೆ. ಮೇಲಧಿಕಾರಿ ಯಾವ ಬಣ್ಣದವನು, ಕೆಳಗಿಳಿಯುವವನು ಯಾವ ಜಾತಿಯವನು ಎಂಬುದು ದಿನವೂ ಕಣ್ಣೆದುರೇ ಇತ್ತು. ಅಂಥ ಒಡನಾಟ ಪೂರ್ವಗ್ರಹವನ್ನು ಕರಗಿಸುವುದಿರಲಿ, ‘ಅವರಿಗೆ ಅದೇ ಕೆಲಸ ಸರಿ’ ಎಂಬುದಕ್ಕೆ ದಿನವೂ ಹೊಸ ಪುರಾವೆ ಒದಗಿಸುತ್ತದೆ.

ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಒಡನಾಟಕ್ಕೆ ನಾಲ್ಕು ಷರತ್ತು ಹಾಕಿದ್ದರು. ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಅದನ್ನು ಕೂಡಿ ಸಾಧಿಸುವಂತಿರಬೇಕು, ಬೆನ್ನಿಗೆ ಕಾನೂನೋ ಅಧಿಕಾರವೋ ನಿಂತಿರಬೇಕು. ಇದನ್ನು ಮ್ಯಾಟ್ ಲೋವ್ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಆಡಿಸಿ ಪರೀಕ್ಷಿಸಿದರು. ಬೇರೆಬೇರೆ ಜಾತಿಯ 1,261 ಯುವಕರಲ್ಲಿ ಕೆಲವರನ್ನು ಚೀಟಿ ಎತ್ತಿ ತಿಂಗಳ ಕಾಲದ ಲೀಗ್‌ಗೆ ಸೇರಿಸಿದರು, ಉಳಿದವರನ್ನು ಹೋಲಿಕೆಗಾಗಿ ಹೊರಗಿಟ್ಟರು. ಕೆಲವು ತಂಡ ಬೆರಕೆ, ಕೆಲವು ಒಂದೇ ಜಾತಿಯವು. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಿತು. ಬೇರೆ ಜಾತಿಯವರು ಎದುರಾಳಿಯಾಗಿ ಸಿಕ್ಕಷ್ಟೂ ಅಂಥ ಗೆಳೆತನ ಕಡಿಮೆಯಾಯಿತು. 2021ರಲ್ಲಿ ಬಂದ ಈ ಪ್ರಬಂಧ ಓದುವಾಗ ನಮ್ಮ ಕಡೆಯ ಟೂರ್ನಮೆಂಟುಗಳ ಫ್ಲೆಕ್ಸು ಕಣ್ಣಿಗೆ ಬರುತ್ತದೆ. ಊರಿಗೊಂದು ತಂಡ ಇರುವ ಕಡೆ ಸರಿ. ಕೇರಿಗೊಂದು ತಂಡ, ಸಂಘಕ್ಕೊಂದು ತಂಡ ಎಂದಾದ ಕಡೆ, ಸೌಹಾರ್ದ ಪಂದ್ಯಾವಳಿ ಎಂದು ಹೆಸರಿಟ್ಟು ಅದರ ತದ್ವಿರುದ್ಧದ್ದನ್ನು ಬೆಳೆಸುತ್ತಿರಬಹುದು.

ಸರ್ಕಾರಿ ಸಹಭೋಜನಗಳ ಬಗ್ಗೆಯೂ ನನಗೆ ಇದೇ ಅನುಮಾನ. ಗಲಾಟೆಯಾದ ಊರಿಗೆ ತಹಶೀಲ್ದಾರರು ಬಂದು ಶಾಂತಿ ಸಭೆ ಮಾಡಿ, ಎಲ್ಲರನ್ನೂ ಒಂದು ಸಾಲಿನಲ್ಲಿ ಕೂರಿಸಿ ಊಟ ಹಾಕಿಸಿ, ಫೋಟೊ ತೆಗೆಸಿ ಹೋಗುತ್ತಾರೆ. ಎಲಿಜಬೆತ್ ಪಲಕ್ ಮತ್ತು ಸಂಗಡಿಗರು 2021ರಲ್ಲಿ ಪೂರ್ವಗ್ರಹ ಕಡಿಮೆ ಮಾಡುವ 418 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಹುಪಾಲು ಇಂಥ ಹಗುರ, ಅಲ್ಪಕಾಲದ ಉಪಾಯಗಳೇ, ಬಾಳಿಕೆ ಬಂದ ಪುರಾವೆ ಕಡಿಮೆ.

ಅಕ್ಕಪಕ್ಕದೋರು ಯಾರು?

ಈಗ ಆ ಮಾಲೀಕರ ಮಾತಿಗೆ ಬರೋಣ. ‘ನಮಗೇನಿಲ್ಲ, ಅಕ್ಕಪಕ್ಕದೋರು ಒಪ್ಪಲ್ಲ.’ ಬೀದಿಯ ಹತ್ತು ಮನೆಯವರನ್ನೂ ಬೇರೆಬೇರೆಯಾಗಿ ಕೇಳಿದರೆ ಇದೇ ಉತ್ತರ ಬಂದರೆ? ಆಗ ಒಪ್ಪದವರು ಯಾರು?

ಅಮೆರಿಕದಲ್ಲಿ ಹ್ಯೂಬರ್ಟ್ ಒ’ಗಾರ್ಮನ್ 1975ರಲ್ಲಿ ತೋರಿಸಿದ್ದು ಇಂಥದ್ದೇ. 1968ರ ಸಮೀಕ್ಷೆಯಲ್ಲಿ ಕರಿಯರು ಬಿಳಿಯರು ಪೂರ್ತಿ ಬೇರೆಯಾಗಿರಬೇಕು ಎಂದು ತಾವಾಗಿ ಬಯಸಿದ ಬಿಳಿಯರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ‘ನಮ್ಮ ಕಡೆಯ ಬಿಳಿಯರಲ್ಲಿ ಹೆಚ್ಚಿನವರು ಹಾಗೆ ಬಯಸುತ್ತಾರೆ’ ಎಂದು ನಂಬಿದವರು ಸುಮಾರು ಅರ್ಧದಷ್ಟು. ಇಲ್ಲದ ಬಹುಮತಕ್ಕೆ ಹೆದರಿ ಎಲ್ಲರೂ ಅದರಂತೆ ನಡೆದುಕೊಂಡರೆ, ಅದು ಇದ್ದ ಹಾಗೇ ಲೆಕ್ಕ. ಎಲ್ಲ ಮಾಲೀಕರೂ ಒಳಗೆ ಉದಾರಿಗಳು ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಮಂದಿಗೆ ‘ಅಕ್ಕಪಕ್ಕದೋರು’ ಬರೀ ಮುಖವಾಡ. ಆದರೆ ಉಳಿದವರನ್ನು ಹಿಡಿದಿಟ್ಟಿರುವುದು ದ್ವೇಷಕ್ಕಿಂತ ಹೆಚ್ಚಾಗಿ, ತಾನೊಬ್ಬನೇ ಮೊದಲು ಗೆರೆ ದಾಟಿದರೆ ಏನಾದೀತು ಎಂಬ ಭಯ.

ಆ ಭಯಕ್ಕೆ ಕೆಲವು ಕಡೆ ನಗದು ಬೆಲೆಯೇ ಇರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲು ಮುಟ್ಟಿದ 15 ವರ್ಷದ ದಲಿತ ಹುಡುಗನ ಮನೆಯವರಿಗೆ ಹಾಕಿದ ದಂಡ 60,000 ರೂಪಾಯಿ. ಇಂಥ ದಂಡ ಹುಡುಗನೊಬ್ಬನಿಗೆ ಹಾಕಿದ್ದಲ್ಲ. ಅವನ ಕಡೆ ವಾಲಬಹುದಾಗಿದ್ದ ಊರಿನ ಉಳಿದವರಿಗೂ ಅದು ದರಪಟ್ಟಿ. 2015ರಲ್ಲಿ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು ದಲಿತರೆಂಬ ಕಾರಣಕ್ಕೆ ನೂರಕ್ಕೂ ಹೆಚ್ಚು ಮಕ್ಕಳಿದ್ದ ಶಾಲೆ ಬಹುತೇಕ ಖಾಲಿಯಾದದ್ದು ಸುದ್ದಿಯಾಗಿತ್ತು. ಅಷ್ಟೂ ಮನೆಗಳಲ್ಲಿ ಅಷ್ಟೇ ಗಟ್ಟಿಯಾದ ನಂಬಿಕೆ ಇತ್ತೇ? ಮೊದಲ ಹತ್ತು ಮನೆಯವರು ಟಿಸಿ ತೆಗೆಸಿದ ಮೇಲೆ ಹನ್ನೊಂದನೇ ಮನೆಯವರಿಗೆ ಮಗುವನ್ನು ಅಲ್ಲೇ ಬಿಡುವುದು ಊರಿನ ವಿರುದ್ಧ ನಿಲ್ಲುವುದಾಗುತ್ತದೆ.

ಇದನ್ನೆಲ್ಲ ಕಂಬಾಲಪಲ್ಲಿಯ ಪಕ್ಕದಲ್ಲಿಟ್ಟರೆ ಸಣ್ಣದೆನ್ನಿಸಬಹುದು. ಆಗ ಕೋಲಾರ ಜಿಲ್ಲೆಯಲ್ಲಿದ್ದ, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದ ಆ ಊರಿನಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆಲ್ಪೋರ್ಟ್ ಪೂರ್ವಗ್ರಹವನ್ನು ಐದು ಹಂತದಲ್ಲಿ ಇಟ್ಟಿದ್ದರು: ಆಡಿಕೊಳ್ಳುವುದು, ದೂರ ಇಡುವುದು, ಹಕ್ಕು ತಪ್ಪಿಸುವುದು, ಮೈಮೇಲೆ ಕೈ ಮಾಡುವುದು, ನಿರ್ನಾಮ ಮಾಡುವುದು. ಕೆಳಗಿನ ಹಂತದವರೆಲ್ಲ ಮೇಲೇರುವುದಿಲ್ಲ. ಮೇಲೇರಿದವರು ಮಾತ್ರ ಕೆಳಗಿನವರ ಮೌನವನ್ನು ನಂಬಿಕೊಂಡೇ ಏರಿರುತ್ತಾರೆ, ಸಾಕ್ಷಿ ಹೇಳುವವರಿಲ್ಲದೆ ಮೊಕದ್ದಮೆಗಳು ಬೀಳುವ ನಾಡಿನಲ್ಲಿ ಇದು ತಿಳಿಯದ ಸಂಗತಿಯಲ್ಲ.

ಹಾಗಾದರೆ ಮನಸ್ಸು ಬದಲಾಗುವವರೆಗೆ ಕಾಯಬೇಕೇ? ಸಿಮೋನ್ ಶೊಶಾರ್ ರಾಜಸ್ಥಾನದಲ್ಲಿ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಉತ್ತರ, ನನ್ನ ಪಾಲಿಗೆ, ಈ ಇಡೀ ಶಾಸ್ತ್ರದಲ್ಲೇ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಮೀಸಲಾತಿಯಿಂದ ದಲಿತರು ಸರಪಂಚರಾದ ಹಳ್ಳಿಗಳನ್ನೂ ಆಗದ ಹಳ್ಳಿಗಳನ್ನೂ ಹೋಲಿಸಿದರು. ಮೇಲ್ಜಾತಿಯವರ ಮನಸ್ಸಿನಲ್ಲಿ ದಲಿತರ ಬಗ್ಗೆ ಇದ್ದ ಚಿತ್ರ ಹೆಚ್ಚೇನೂ ಬದಲಾಗಿರಲಿಲ್ಲ. ಬದಲಾಗಿದ್ದದ್ದು ‘ಈಗ ಹಾಗೆಲ್ಲ ನಡೆದುಕೊಂಡರೆ ಊರು ಒಪ್ಪಲ್ಲ, ಕೇಸು ಬೀಳುತ್ತೆ’ ಎಂಬ ಅಂದಾಜು. ಅದರ ಜೊತೆಗೆ, ಎದುರು ಸಿಕ್ಕಾಗ ಹೇಗೆ ನಡೆದುಕೊಳ್ಳುತ್ತೇವೆ ಎಂದು ಅವರು ಹೇಳಿದ್ದೂ ಬದಲಾಗಿತ್ತು. ಮನಸ್ಸು ಅಲ್ಲೇ ಇದ್ದು, ಕೈ ಸರಿದಿತ್ತು. ಪಶ್ಚಿಮ ಬಂಗಾಳದಲ್ಲಿ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2009ರಲ್ಲಿ ಮಹಿಳಾ ಮೀಸಲಾತಿಯ ಬಗ್ಗೆ ಕಂಡದ್ದೂ ಇದರ ಹತ್ತಿರದ್ದೇ: ಗಂಡು ನಾಯಕರೇ ಬೇಕೆಂಬ ಗಂಡಸರ ಆಸೆ ಹೋಗಲಿಲ್ಲ, ಹೆಣ್ಣು ನಾಯಕಿಗೆ ಕೆಲಸ ಬರಲ್ಲ ಎಂಬ ತೀರ್ಪು ಮಾತ್ರ ಸಡಿಲವಾಯಿತು.

ಅಕ್ಷರ ದಾಸೋಹದ ಅಡುಗೆಮನೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಆದೇಶಿಸಿತ್ತು. ಸುದ್ದಿಯಾದದ್ದು ಗಲಾಟೆಯಾದ ಶಾಲೆಗಳು ಮಾತ್ರ. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಅದೇ ಕೈಯಿಂದ ಅನ್ನ ಸಾರು ಹಾಕಿಸಿಕೊಂಡು ಉಂಡು ದೊಡ್ಡವರಾದ ಶಾಲೆಗಳ ಬಗ್ಗೆ ಯಾರೂ ಬರೆಯುವುದಿಲ್ಲ.

ಶೊಶಾರ್ ಅವರ ಫಲಿತಾಂಶ ಹಾಗೇ ನಮ್ಮಲ್ಲಿ ಇಳಿಯುತ್ತದೆಂದು ಹೇಳುವ ಮೊದಲು ಒಂದು ವ್ಯತ್ಯಾಸ ನೋಡಬೇಕು. ರಾಜಸ್ಥಾನದ ಸರಪಂಚರನ್ನು ಜನ ನೇರವಾಗಿ ಐದು ವರ್ಷಕ್ಕೆ ಆರಿಸುತ್ತಾರೆ. ನಮ್ಮಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಆರಿಸುವವರು ಸದಸ್ಯರು, ಅವಧಿ 30 ತಿಂಗಳು. ಕುರ್ಚಿ ಮೀಸಲಾದರೂ ಅದರ ಹಿಂದೆ ನಿಂತು ಸಹಿ ಎಲ್ಲಿ ಹಾಕಬೇಕೆಂದು ತೋರಿಸುವವರು ಬೇರೆಯವರೇ ಆಗಿದ್ದರೆ, ಊರು ಅದನ್ನು ಮೊದಲ ಸಭೆಯಲ್ಲೇ ಗುರುತಿಸುತ್ತದೆ. ಅಧ್ಯಕ್ಷರೇ ಕಡತ ಓದಿ, ಚರಂಡಿ ಯಾವ ಕೇರಿಯಿಂದ ಶುರುವಾಗಬೇಕು ಎಂದು ತಾವೇ ತೀರ್ಮಾನಿಸಿ, ಉಳಿದ ಸದಸ್ಯರು ಅದಕ್ಕೆ ಕೈಯೆತ್ತುವ ಪಂಚಾಯಿತಿಗಳೂ ಜಿಲ್ಲೆಯಲ್ಲಿವೆ. ಯಾವ ಬಗೆಯ ಪಂಚಾಯಿತಿಯಿದ್ದ ಊರಿನಲ್ಲಿ ನಡವಳಿಕೆ ಎಷ್ಟು ಸರಿದಿದೆ ಎಂದು ಅಳೆಯಲು ಶೇ 30 ದಲಿತರಿರುವ ಕೋಲಾರಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ. ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯವಿದೆ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಅದರ ಎಂ.ಎ. ವಿದ್ಯಾರ್ಥಿಗಳು ಮುಂದಿನ ಮೀಸಲಾತಿ ಪಟ್ಟಿ ಪ್ರಕಟವಾಗುವ ಮೊದಲು ಒಂದು ಸುತ್ತು, ಅಧ್ಯಕ್ಷರ 30 ತಿಂಗಳು ಮುಗಿದ ಮೇಲೆ ಇನ್ನೊಂದು ಸುತ್ತು ಅದೇ ಊರುಗಳಿಗೆ ಹೋಗಿ ಬಂದರೆ ಸಾಕು. ಅವರು ಕೇಳಬೇಕಾದ ಮುಖ್ಯ ಪ್ರಶ್ನೆಗಳು ಎರಡೇ: ನೀವು ಒಪ್ಪುತ್ತೀರಾ, ನಿಮ್ಮ ಅಕ್ಕಪಕ್ಕದವರು ಒಪ್ಪುತ್ತಾರೆ ಅನ್ನಿಸುತ್ತದಾ?